ವಿಮಾನಕ್ಕೆ ಎಡೆ ಹಿಡಿದವನು

ಸೇಡಂದಿಂದ ಚಿತ್ತಾಪುರದ ಕಡೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕ ಪುಣ್ಯವಂತರಿಗೆ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ತೊಗರಿ ಹೊಲಗಳ ನಡುವೆ ಒಮ್ಮೆಲೇ ಬೋಳು ನೆಲವೊಂದು ಕಾಣುತ್ತಿತ್ತು. ಕೆಂಪು ಮುರುಮ್ ಮಣ್ಣು ಹಾಸಿ, ರೋಲರ್ ಹೊಡೆದು, ಎರಡೂ ಅಂಚಿಗೆ ಸುಣ್ಣ ಬಳಿದ ಕಲ್ಲು ನೆಟ್ಟ ಉದ್ದನೆಯ ಪಟ್ಟಿ. ತುದಿಯಲ್ಲೊಂದು ಕಂಬ, ಕಂಬಕ್ಕೆ ಗಾಳಿ ಬಂದ ದಿಕ್ಕಿಗೆ ಬೆನ್ನು ತಿರುಗಿಸುವ ಬಟ್ಟೆಯ ಚೀಲ. ಕಂಬದ ಬುಡದಲ್ಲಿ ಗೊಲ್ಲಾಳಪ್ಪ. ಮೇಲೆ ಕಂಪನಿಯ ಖಾಕಿ ಅಂಗಿ, ಕೆಳಗೆ ತನ್ನ ಸ್ವಂತ ಧೋತರ. ಕಂಪನಿ ಖಾಕಿ ಪ್ಯಾಂಟನ್ನೂ ಕೊಟ್ಟಿತ್ತು. ಅದರೊಳಗೆ ಹೊಕ್ಕರೆ ಕೂತವನು ಏಳಲಾರ, ಎದ್ದವನು ಕೂಡಲಾರ ಎಂದು ಗೊಲ್ಲಾಳಪ್ಪ ಅದನ್ನು ಅಳಿಯನಿಗೆ ಕೊಟ್ಟು ಅವನ ಮರ್ಯಾದೆ ಹೆಚ್ಚಿಸಿದ್ದ.

ಪಟ್ಟಿ ಸಿಮೆಂಟ್ ಕಂಪನಿಯದು. ವಾಡಿ ಜಂಕ್ಷನ್ ಕೂಗಳತೆಯಲ್ಲೇ ಇದ್ದರೂ, ಮುಂಬಯಿ ಮದ್ರಾಸಿನ ರೈಲುಗಳೆಲ್ಲ ಅಲ್ಲಿ ನಿಂತು ಚಹಾ ಕುಡಿದೇ ಮುಂದೆ ಹೋಗುತ್ತಿದ್ದರೂ, ಕಂಪನಿಯ ದೊಡ್ಡವರಿಗೆ ರೈಲು ಒಗ್ಗಲಿಲ್ಲ. ರೈಲು ತಡವಾದರೆ ನಮ್ಮ ಕಡೆಯವರು ಗಂಟಿಗೆ ತಲೆಕೊಟ್ಟು ಇನ್ನೊಂದು ನಿದ್ದೆ ತೆಗೆಯುತ್ತೇವೆ. ದೊಡ್ಡವರಿಗೆ ಹಾಗೆ ಬರುವುದಿಲ್ಲವಂತೆ. ಅದಕ್ಕೇ ಅವರು ಎರಡು ಪಂಖದ ಸಣ್ಣ ವಿಮಾನ ಇಟ್ಟುಕೊಂಡಿದ್ದರು. ಹೈದರಾಬಾದಿನಲ್ಲಿ ನಾಷ್ಟಾ ಮುಗಿಸಿ ಹತ್ತಿದರೆ, ಹೊಟ್ಟೆಯಲ್ಲಿ ಅದು ಕರಗುವ ಮೊದಲೇ ಗೊಲ್ಲಾಳಪ್ಪನ ಹೊಲದಲ್ಲಿ ಇಳಿಯುತ್ತಿದ್ದರು.

ಗೊಲ್ಲಾಳಪ್ಪನ ಹೊಲ ಎಂದದ್ದು ಬಾಯಿ ತಪ್ಪಿ ಅಲ್ಲ. ಪಟ್ಟಿಗೆ ಹೋದ ನೆಲದಲ್ಲಿ ಅವನ ಅಪ್ಪ ಅಜ್ಜ ಉತ್ತದ್ದೂ ಸೇರಿತ್ತು. ಹೊಲ ಹೋದ ಮನೆಗೊಂದು ನೌಕರಿ ಎಂದು ಅವನನ್ನು ಅದೇ ಹೊಲಕ್ಕೆ ಕಾವಲು ಇಟ್ಟರು. ವಿಮಾನ ಬರುವ ಫೋನು ಬಂದಾಗ ಡಬ್ಬಿ ಬಡಿದು ಎಮ್ಮೆ, ಆಡು, ಹೊಲಕ್ಕೆ ಹೋಗುವ ಹೆಂಗಸರು, ಎಲ್ಲರನ್ನೂ ಪಟ್ಟಿಯಿಂದ ಆಚೆ ಅಟ್ಟುವುದು ಅವನ ಕೆಲಸ. ವಿಮಾನ ಹಾರಿಸುವ ಕ್ಯಾಪ್ಟನ್ನರಿಗೆ ಪಟ್ಟಿಯ ತುದಿಗಳೆಂದರೆ ನಂಬರು. ಗೊಲ್ಲಾಳಪ್ಪನಿಗೆ ಒಂದು ತುದಿ ಎರೆಹೊಲ, ಇನ್ನೊಂದು ತುದಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯ ಹೊಲ. “ಇವತ್ತು ಇಮಾನ ಎರಿಹೊಲದಾಗ ಇಳೀತು” ಎಂದು ಮನೆಗೆ ಬಂದು ಹೇಳಿದರೆ ಹೆಂಡತಿ ಭೀಮಮ್ಮ, “ಬೆಳಿ ಚಲೋ ಬರತದೇಳ್ರಿ” ಎನ್ನುತ್ತಿದ್ದಳು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮುಂದಿನ ವರ್ಷ ಆಗುತ್ತದೆ ಎಂದು ಪ್ರತಿ ವರ್ಷವೂ ಹೇಳುತ್ತಿದ್ದರು.

ಪಟ್ಟಿಯ ಮೇಲೆ ಅವನಿಗಿದ್ದ ಒಬ್ಬನೇ ಜೊತೆಗಾರ ಬಂದೇಅಲಿ. ಶಹಾಬಾದಿನವನು, ಮೊದಲು ಲಾರಿ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವನು. ಕಂಪನಿ ಅವನನ್ನು ಹೈದರಾಬಾದಿಗೆ ಕಳಿಸಿ, ವಿಮಾನ ತೊಳೆಯುವುದು, ಎಣ್ಣೆ ತುಂಬುವುದು, ಗಾಲಿಗೆ ಅಡ್ಡಗಟ್ಟಿ ಇಡುವುದು ಇತ್ಯಾದಿ ಕಲಿಸಿ ತಂದಿತ್ತು. ಗೊಲ್ಲಾಳಪ್ಪನಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ತಗಡಿನ ಶೆಡ್ಡಿನ ನೆರಳಲ್ಲಿ ಇಬ್ಬರೂ ಬುತ್ತಿ ಬಿಚ್ಚುತ್ತಿದ್ದರು. ಭೀಮಮ್ಮನ ಪುಂಡಿಪಲ್ಯ ಬಂದೇಅಲಿಯ ಕಡೆ ಹೋಗಿ, ಅವನ ಹೆಂಡತಿ ಜಾನಬಿ ಮಾಡಿದ ಖಾರದ ಬದನೆಕಾಯಿ ಈ ಕಡೆ ಬರುತ್ತಿತ್ತು. ಉಂಡ ಮೇಲೆ ಬಂದೇಅಲಿ ವಿಮಾನಶಾಸ್ತ್ರ ಹೇಳುತ್ತಿದ್ದ.

“ರೆಕ್ಕಿ ಬುಡಕ ಈ ಸಣ್ಣ ನಳಗಿ ನೋಡಿದಿಲ್ಲೊ ಅಣ್ಣಾ? ಇಮಾನ ಓಡೂ ಮುಂದ ಇದರಾಗಿಂದ ಗಾಳಿ ನುಂಗತದ. ಎಷ್ಟು ನುಂಗತದ ಅದರ ಮ್ಯಾಲ ಎಷ್ಟು ಜೋರ ಹೊಂಟೇವಂತ ಒಳಗಿನ ಮುಳ್ಳು ತೋರಿಸ್ತದ. ಅದಕ್ಕ ಇಮಾನ ನಿಂತಾಗ ಈ ಕೆಂಪು ಟೊಪಗಿ ಹಾಕಿರಬೇಕು. ಹುಳಾಹುಪ್ಪಡಿ ಹೋಗಬಾರದು.”

“ಮುಳ್ಳು ಏಳಲಿಲ್ಲಂದ್ರ?”

“ಕ್ಯಾಪ್ಟನ್ ಕಣ್ಣು ಕಟ್ಟಿ ಬಂಡಿ ಹೊಡದ್ಹಂಗ.”

ಗೊಲ್ಲಾಳಪ್ಪ ತಲೆ ಆಡಿಸಿದ. ಅವನ ತಲೆಯಲ್ಲಿ ಉಳಿದದ್ದು ಒಂದೇ ಮಾತು: ಇಷ್ಟು ದೊಡ್ಡ ವಿಮಾನಕ್ಕೆ ಅಷ್ಟೇ ಸಣ್ಣ ಬಾಯಿ.

ಆ ವರ್ಷ ವಿಮಾನ ಮಹಾನವಮಿಯ ದಿನ ಪಟ್ಟಿಯ ಮೇಲೆಯೇ ಇತ್ತು. ಮಾಲಕರ ಕಡೆಯ ದೊಡ್ಡ ಬೀಗರೊಬ್ಬರು ಫ್ಯಾಕ್ಟರಿ ನೋಡಲು ಬಂದಿದ್ದರು, ಮರುದಿನ ದಸರೆಯ ಬೆಳಿಗ್ಗೆ ಹೊರಡುವವರಿದ್ದರು. ನವಮಿಗೆ ಆಯುಧಗಳ ಖಂಡೆ ಪೂಜೆ; ಆ ದಿನ ನಮ್ಮ ಕಡೆ ಯಾವ ಕಬ್ಬಿಣವೂ ತಪ್ಪಿಸಿಕೊಳ್ಳುವಂತಿಲ್ಲ. ಕುಡಗೋಲು, ಹೊಲಿಗೆ ಮಷಿನ್ನು, ಕಚೇರಿಯ ಟೈಪ್‌ರೈಟರು, ಎಲ್ಲಕ್ಕೂ ವಿಭೂತಿ ಕುಂಕುಮ. ಬರೆಯುವ ಚಟದವರು ಪೆನ್ನಿನ ಮೂತಿಗೂ ಹಚ್ಚಿ, ಮರುದಿನ ಅದು ಮೂಡದೆ ಜಾಡಿಸಿ ಜಾಡಿಸಿ ಗೋಡೆ ಕೆಡಿಸುವುದುಂಟು. ಬಾಯಿ ಇರುವ ಯಂತ್ರವಾದರೆ ಇನ್ನೂ ಒಂದು ಕೆಲಸ ಹೆಚ್ಚು. ಅದಕ್ಕೆ ಎಡೆ ಹಿಡಿದು ಬಾಯಿಗೆ ಮುಟ್ಟಿಸಬೇಕು. ಹಿಟ್ಟಿನ ಗಿರಣಿಯ ಬಾಯಿಗೆ, ನೀರೆತ್ತುವ ಪಂಪಿನ ಬಾಯಿಗೆ, ಗೌಡರ ಬಂದೂಕಿನ ಬಾಯಿಗೆ, ಹೀಗೆ ಎಲ್ಲಕ್ಕೂ ಚಿಟಿಕೆ ಹೂರಣ. ವರ್ಷವಿಡೀ ನಮಗಾಗಿ ನುಂಗುವುದು ಹಬ್ಬದ ದಿನ ಬರಿಬಾಯಲ್ಲಿ ಇರಬಾರದು.

ವಿಮಾನದ ಪೂಜೆಯನ್ನು ಜನರಲ್ ಮ್ಯಾನೇಜರ್ ಸಾಹೇಬರೇ ನಿಂತು ಮಾಡಿಸಿದರು. ಮೂತಿಗೆ ಚೆಂಡುಹೂವಿನ ಮಾಲೆ ಬಿತ್ತು. ಬೀಗರು ತೆಂಗಿನಕಾಯಿ ಒಡೆದರು. ಸೇಡಂದಿಂದ ಬಂದ ಫೋಟೋದವನು ಕ್ಯಾಪ್ಟನ್ನರನ್ನು ಬಲಕ್ಕೂ ಎಡಕ್ಕೂ ಸರಿಸಿ ಫೋಟೋ ತೆಗೆದ. ಬಂದೇಅಲಿ ದೂರದಲ್ಲಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಎಲ್ಲ ಮುಗಿದು ಜೀಪುಗಳು ಹೋದ ಮೇಲೆ ಅವನು ವಿಮಾನದ ಸುತ್ತ ಒಂದು ಸುತ್ತು ಬಂದು, ಗಾಲಿ ನೋಡಿ, ನಳಿಗೆಯ ಕೆಂಪು ಟೊಪಿಗೆಯನ್ನು ಜಗ್ಗಿ ನೋಡಿ, ಊಟಕ್ಕೆ ಮನೆಗೆ ಹೋದ.

ಆಗ ಭೀಮಮ್ಮ ಬುಟ್ಟಿಯಲ್ಲಿ ಹೋಳಿಗೆ ತಂದಳು. ವಿಮಾನವನ್ನು ನೋಡಿದಳು.

“ಅಯ್ಯ, ಇಷ್ಟು ಮಂದಿ ಬಂದು ಹೋಗ್ಯಾರ, ಇದರ ಬಾಯಾಗ ಏನೂ ಹಾಕೇ ಇಲ್ಲಲ್ರಿ.”

“ಕಾಯಿ ಒಡದಾರ.”

“ಕಾಯಿ ಅವ್ರೇ ತಿಂದು ಹೋಗ್ಯಾರ.”

ಮಾತು ನಿಜವಿತ್ತು. ಗೊಲ್ಲಾಳಪ್ಪ ಕೈ ತೊಳೆದುಕೊಂಡು ಬಂದ. ಹೋಳಿಗೆ ಮುರಿದು ಹೂರಣ ತೆಗೆದ. ಕೆಂಪು ಟೊಪಿಗೆಯನ್ನು ದೇವರ ಮುಖದ ಮೇಲಿನ ಬಟ್ಟೆ ಸರಿಸುವ ಹಾಗೆ ಸರಿಸಿ, ನಳಿಗೆಗೆ ವಿಭೂತಿ ಎಳೆದು, ಬಾಯಿಗೆ ಚಿಟಿಕೆ ಹೂರಣ ಇಟ್ಟ. ಹೊರಗೆ ಉದುರಿ ಕಾಲಿಗೆ ಸಿಕ್ಕೀತೆಂದು ಬೆರಳಿನಿಂದ ಸ್ವಲ್ಪ ಒಳಗೂ ಒತ್ತಿದ. ಮೇಲೆ ತುಸು ತುಪ್ಪ. ಟೊಪಿಗೆಯನ್ನು ಮೊದಲಿನಂತೆ ಹಾಕಿ ಗಂಟು ಕಟ್ಟಿ ಕೈಮುಗಿದ. “ಎಲ್ಲರನ್ನೂ ಸುಖದಿಂದ ಮುಟ್ಟಸಪಾ” ಎಂದ. ಅವನ ಜೀವನದಲ್ಲಿ ಇಷ್ಟು ನಿಷ್ಠೆಯಿಂದ ಮಾಡಿದ ಪೂಜೆ ಇನ್ನೊಂದಿರಲಿಲ್ಲ.

ದಸರೆಯ ಬೆಳಿಗ್ಗೆ ಬೀಗರು ಬಂದರು. ಪೂಜೆಯ ವಿಭೂತಿ ವಿಮಾನದ ಮೈತುಂಬ ಇತ್ತು, ನಳಿಗೆಯ ಮೇಲಿನದನ್ನು ಯಾರೂ ಬೇರೆಯಾಗಿ ನೋಡಲಿಲ್ಲ. ಬಂದೇಅಲಿ ಟೊಪಿಗೆ ತೆಗೆದು, ಗಾಲಿಯ ಅಡ್ಡಗಟ್ಟಿ ತೆಗೆದು, ಕ್ಯಾಪ್ಟನ್ನರಿಗೆ ಹೆಬ್ಬೆರಳು ತೋರಿಸಿದ. ವಿಮಾನ ಎರೆಹೊಲದ ತುದಿಯಿಂದ ಓಡತೊಡಗಿತು. ಯಾವಾಗಲೂ ಮೂತಿ ಎತ್ತುತ್ತಿದ್ದ ಜಾಗದಲ್ಲಿ ಅದು ಮೂತಿ ಎತ್ತಲಿಲ್ಲ. ಮತ್ತೂ ಓಡಿತು. ಆಮೇಲೆ ಗಾಲಿಗಳು ಕಿರುಗುಟ್ಟಿ ಕೆಂಪು ಧೂಳು ಎದ್ದಿತು. ಧೂಳಿನೊಳಗಿಂದ ಕಬ್ಬಿಣ ಕಲ್ಲಿಗೆ ತಿಕ್ಕಿದ ಸಪ್ಪಳ ಬಂತು, ನಂತರ ಏನೂ ಇಲ್ಲ.

ಇಬ್ಬರೂ ಓಡಿದರು. ವಿಮಾನ ಪಟ್ಟಿ ದಾಟಿ, ಖಣಿಯವರು ಒಟ್ಟಿದ್ದ ಫರ್ಸಿ ಚೂರುಗಳ ದಿಬ್ಬಕ್ಕೆ ಮೂತಿ ಹೊಡೆದು ಕೂತಿತ್ತು. ಬೀಗರ ಹಣೆ ಒಡೆದಿತ್ತು, ಅವರು ಮಾತಾಡುತ್ತಿದ್ದರು, ಬಹಳ ಮಾತಾಡುತ್ತಿದ್ದರು. ಕ್ಯಾಪ್ಟನ್ ಮಾತಾಡುತ್ತಿರಲಿಲ್ಲ. ಅವರ ಕಾಲು ಎಲ್ಲಿ ಮುಗಿದು ತಗಡು ಎಲ್ಲಿ ಶುರುವಾಗಿದೆ ಎಂದು ತಿಳಿಯುವಂತಿರಲಿಲ್ಲ. ಬಂದೇಅಲಿ ಗರಗಸ ತಂದು ತಗಡು ಕೊಯ್ದ. ಗೊಲ್ಲಾಳಪ್ಪ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಕ್ಯಾಪ್ಟನ್ ಒಮ್ಮೆ ಕಣ್ಣು ತೆರೆದು ಬಂದೇಅಲಿಗೆ ಹಿಂದಿಯಲ್ಲಿ, “ಮುಳ್ಳು ಏಳಲೇ ಇಲ್ಲ” ಎಂದರು. ಗೊಲ್ಲಾಳಪ್ಪನಿಗೆ ಅಷ್ಟು ಹಿಂದಿ ತಿಳಿಯುತ್ತಿತ್ತು. ಹೈದರಾಬಾದಿನ ಆಸ್ಪತ್ರೆಯಲ್ಲಿ ಕ್ಯಾಪ್ಟನ್ನರ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು ಎಂಬ ಸುದ್ದಿ ಬನ್ನಿ ಹಂಚುವ ಹೊತ್ತಿಗೆ ಬಂತು. ಗೊಲ್ಲಾಳಪ್ಪ ಆ ಸಂಜೆ ಯಾರ ಮನೆಗೂ ಬನ್ನಿ ಕೊಡಲು ಹೋಗಲಿಲ್ಲ.

ಹಬ್ಬ ಮುಗಿದ ಮೇಲೆ ಮುಂಬಯಿಯಿಂದ ಒಬ್ಬ ವಿಮಾನದ ಎಂಜಿನಿಯರ್ ಬಂದರು. ಅವರು ನಳಿಗೆಗೆ ತಂತಿ ಹಾಕಿ ಕೆದರಿದರು. ಒಳಗಿನಿಂದ ಗಟ್ಟಿಯಾದ ಕಂದು ಬಣ್ಣದ ಪುಡಿ, ಅದರ ಜೊತೆ ಸತ್ತ ಇರುವೆಗಳು ಬಂದವು. ಎಂಜಿನಿಯರ್ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಊದಿ ಹಾರಿಸಿ, ಕಡಜದ ಗೂಡು ಎಂದರು. ಟೊಪಿಗೆ ಹಾಕದೆ ಬಿಟ್ಟರೆ ಕಡಜ ಬಂದು ಮಣ್ಣಿನ ಗೂಡು ಕಟ್ಟುತ್ತದೆ, ಇಂಥದ್ದು ಬೇಕಾದಷ್ಟು ನೋಡಿದ್ದೇನೆ ಎಂದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಬೇಕಾದಷ್ಟು ಕಡಜದ ಗೂಡು ನೋಡಿದ್ದರು. ಹೂರಣ ತಿಂದ ವಿಮಾನ ನೋಡಿದ್ದು ಇದೇ ಮೊದಲು.

ಟೊಪಿಗೆ ಹಾಕುವುದು ಬಂದೇಅಲಿಯ ಕೆಲಸ. ಸಂಜೆಯೊಳಗೆ ಫ್ಯಾಕ್ಟರಿಯ ಗೇಟಿನಿಂದ ಹಿಡಿದು ಕ್ಯಾಂಟೀನಿನವರೆಗೆ ಎಲ್ಲರಿಗೂ ಸಂಗತಿ ಗೊತ್ತಾಯಿತು: ಬಂದೇಅಲಿ ಟೊಪಿಗೆ ಹಾಕದೆ ಹೋಗಿ ಒಬ್ಬರ ಕಾಲು ತಿಂದ. ಮೂರು ದಿನದ ಮೇಲೆ ವಿಚಾರಣೆ, ಚೌಕಶಿ, ಎಂದು ಹೇಳಿದರು. ಕೆಲಸ ಹೋದರೆ ಕಂಪನಿಯ ಮನೆಯೂ ಹೋಗುತ್ತಿತ್ತು. ಇಂಥ ಹೆಸರು ಹೊತ್ತವನನ್ನು ಮತ್ತೆ ಯಾವ ವರ್ಕ್‌ಶಾಪಿನವರೂ ಬಾಗಿಲೊಳಗೆ ಬಿಡುತ್ತಿರಲಿಲ್ಲ.

ಗೊಲ್ಲಾಳಪ್ಪ ಮನೆಗೆ ಬಂದು ಕಟ್ಟೆಯ ಮೇಲೆ ಕೂತ.

“ಅದು ಕಡಜ ಅಲ್ಲ” ಎಂದ.

ಭೀಮಮ್ಮ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಂತಿತು. “ನನಗ ಗೊತ್ತದ.”

“ಹೇಳಿದ್ರ ನನ್ನ ನೌಕರಿ ಹೋಗತದ.”

“ಹೊಲ ಹೋಗ್ಯಾದ, ನೌಕರಿನೂ ಹೋದ್ರ ಅಷ್ಟರಾಗ ಏನು ಬಂತು.” ಮೊರ ಕೆಳಗಿಟ್ಟು, “ಹಾಕ್ರಿ ಅಂತ ಹೇಳ್ದಾಕಿ ನಾನು. ನನ್ನ ಹೆಸರೂ ಹೇಳ್ರಿ” ಎಂದಳು.

“ಹೆಂಗಸೂರ ಹೆಸರು ಯಾಕ ಎಳೀಲಿ.”

“ಹೂರಣ ರುಬ್ಬಿದಾಕಿ ಯಾರಂತ ಕೇಳಿದ್ರ ಮತ್ತ ಏನು ಹೇಳ್ತೀರಿ?”

ಚೌಕಶಿ ಮ್ಯಾನೇಜರ್ ಸಾಹೇಬರ ಕೋಣೆಯಲ್ಲಿ ನಡೆಯಿತು. ಎಂಜಿನಿಯರ್ ಪಂಖದ ಕೆಳಗೆ ಕೂತಿದ್ದರು. ಟೈಮ್ ಆಫೀಸಿನ ಪ್ರಹ್ಲಾದರಾಯರು ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಲು ನಿಂತಿದ್ದರು. ಬಂದೇಅಲಿ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ, ಮುಖ ಇಳಿದು ಹೋಗಿತ್ತು. ಟೊಪಿಗೆ ಹಾಕಿದ್ದೆ ಎಂದು ಅವನು ಹೇಳಿದ. ಖಾತ್ರಿಯೇ ಎಂದು ಕೇಳಿದರು. ಖಾತ್ರಿ ಎಂದ. ಮತ್ತೆ ಕೇಳಿದಾಗ ನೆಲ ನೋಡಿದ.

ಯಾರೂ ಕರೆಯದೆ ಗೊಲ್ಲಾಳಪ್ಪ ಒಳಗೆ ಬಂದ. ಚಪ್ಪಲಿ ಹೊರಗೆ ಬಿಟ್ಟಿದ್ದ.

“ಸಾಹೇಬರ, ಅದು ಕಡಜದ ಗೂಡಲ್ರಿ. ಹೂರಣರಿ. ನಾ ಎಡಿ ಹಿಡಿದು ಅದರ ಬಾಯಾಗ ಹಾಕೀನ್ರಿ. ಬಂದೇಅಲಿ ಟೊಪಗಿ ಹಾಕಿದ್ದ. ನಾನೇ ತಗದು ಮತ್ತ ಕಟ್ಟೀನ್ರಿ.”

ಪ್ರಹ್ಲಾದರಾಯರು ಕನ್ನಡಕ ಮೇಲೆ ಮಾಡಿದರು. “ಅಲ್ಲೋ ಗೊಲ್ಲಾಳಪ್ಪಾ, ಏನು ಹೇಳ್ಲಿಕತ್ತಿ ನಿನಗ ತಿಳೀತದ? ಇದನ್ನ ನಾ ಇಂಗ್ಲಿಷಿನಾಗ ಹ್ಯಾಂಗ ಹೇಳಲಿ?”

“ಇದ್ದದ್ದು ಇದ್ದ್ಹಂಗ ಹೇಳ್ರಿ.”

ರಾಯರು ಹೇಳಿದರು. ಅವರ ತಪ್ಪಿಲ್ಲ, ಹೋಳಿಗೆಯೊಳಗಿನ ಹೂರಣವನ್ನು ಆ ಭಾಷೆಗೆ ಸಾಗಿಸುವುದು ಪಂಡಿತರಿಗೂ ಕಷ್ಟ. ಕಾವಲಿನವನು ವಿಮಾನಕ್ಕೆ ಹಬ್ಬದ ಸಿಹಿ ರೊಟ್ಟಿ ತಿನ್ನಿಸಿದ್ದಾನಂತೆ ಎಂದು ಅದು ಆಚೆ ದಡ ಮುಟ್ಟಿತು. ಎಂಜಿನಿಯರ್ ನಗಬಾರದೆಂದು ಬಹಳ ಪ್ರಯತ್ನ ಮಾಡಿ, ಕೊನೆಗೆ ಕರವಸ್ತ್ರ ತೆಗೆದರು. ಮ್ಯಾನೇಜರ್ ಸಾಹೇಬರೂ ನಕ್ಕರು. ನಕ್ಕು ಮುಗಿದ ಮೇಲೆ ಅವರ ಮುಖದಲ್ಲಿ ಬೇರೊಂದು ವಿಚಾರ ಸುಳಿಯಿತು. ಪೂಜೆ ಮಾಡಿಸಿದವರು ತಾವು. ಕಾಯಿ ಒಡೆದವರು ಬೀಗರು. ಮಾಲೆ ಹಾಕಿದ ವಿಮಾನದ ಮುಂದೆ ಎಲ್ಲರೂ ಹಲ್ಲು ಬಿಟ್ಟ ಫೋಟೋ ಆಗಲೇ ಮಾಲಕರ ಮನೆಗೆ ಹೋಗಿತ್ತು. ಪೂಜೆಯಿಂದ ಕಾಲು ಹೋಯಿತು ಎನ್ನುವುದಕ್ಕಿಂತ ಕಡಜದಿಂದ ಹೋಯಿತು ಎನ್ನುವುದು ಎಲ್ಲರ ಆರೋಗ್ಯಕ್ಕೂ ಒಳ್ಳೆಯದು.

“ದೋಸ್ತನ್ನ ಉಳಿಸ್ಲಿಕ್ಕೆ ಸುಳ್ಳು ಹೇಳ್ಲಿಕತ್ತಾನ ಅಂತಾರ ಸಾಹೇಬರು” ಎಂದು ರಾಯರು ತಿರುಗಿಸಿದರು. “ಆದ್ರ ಸಿಟ್ಟು ಇಲ್ಲಂತ. ಇಷ್ಟು ನಿಷ್ಠಾ ಇರೋ ಮನಷ್ಯಾ ಕಂಪನಿಗೆ ಬೇಕಂತ.”

“ನಿಷ್ಠಾ ಅಲ್ರಿ, ಹೂರಣರಿ. ನನ್ನ ಹೆಂಡ್ತೀನ ಕೇಳ್ರಿ. ಖರೇ ಹೇಳ್ಲಿಕತ್ತೀನಿ.”

“ಸಾಕು ಮಾಡೋ. ಒಂದು ಸಲ ನಕ್ಕಾರ, ಎರಡನೇ ಸಲ ನಗೂದಿಲ್ಲ.”

ಆ ವಾರವೇ ಬಂದೇಅಲಿಯನ್ನು ಕೆಲಸದಿಂದ ತೆಗೆದರು. ಅದೇ ವಾರ ಗೊಲ್ಲಾಳಪ್ಪನ ನೌಕರಿ ಕಾಯಂ ಆಯಿತು. ಪ್ರತಿ ವರ್ಷ ಮುಂದಕ್ಕೆ ಹೋಗುತ್ತಿದ್ದದ್ದು, ಅವನು ತಾನಾಗಿ ತಪ್ಪು ಒಪ್ಪಿಕೊಂಡ ಮೇಲೆ ಆಯಿತು. ದೊಡ್ಡ ಕಂಪನಿಗಳ ನ್ಯಾಯ ನಮ್ಮಂಥವರ ಬುದ್ಧಿಗೆ ಅಷ್ಟು ಬೇಗ ಹತ್ತುವುದಿಲ್ಲ.

ಕಂಪನಿಯ ಮನೆಯ ಮುಂದೆ ಎತ್ತಿನ ಬಂಡಿ ನಿಂತಿತ್ತು. ಜಾನಬಿ ಕಪಾಟಿನೊಳಗಿನ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಗೊಲ್ಲಾಳಪ್ಪನನ್ನು ಕಂಡು ಸೆರಗು ಮುಂದೆ ಎಳೆದುಕೊಂಡು ಒಳಗೆ ಹೋದಳು. ಯಾವಾಗಲೂ “ಬರ್ರಿ ಭಾಯಿಸಾಬ, ಕುಂದ್ರಿ” ಎನ್ನುತ್ತಿದ್ದವಳು.

ಬಂದೇಅಲಿ ಹಗ್ಗ ಬಿಗಿಯುತ್ತಿದ್ದ.

“ನಾ ಹೇಳಿದ್ನಲ್ಲಪಾ ತಮ್ಮಾ. ನೀನೂ ಅಲ್ಲೇ ಇದ್ದಿ. ಅವರು ನಂಬಲಿಲ್ಲ.”

“ಹೂಂ. ಅವರು ನಂಬಲಿಲ್ಲ.” ಬಂದೇಅಲಿ ಹಗ್ಗದ ತುದಿಯನ್ನು ಬಂಡಿಯ ಗೂಟಕ್ಕೆ ಸುತ್ತಿದ. “ನಾ ನಂಬಿದೆ.”

ಗೊಲ್ಲಾಳಪ್ಪ ಜಾರುತ್ತಿದ್ದ ಗೋಣಿಚೀಲವನ್ನು ಎತ್ತಿ ಸರಿಯಾಗಿಟ್ಟ.

“ಕ್ಯಾಪ್ಟನ್ ಬಿದ್ದ ದಿನದಿಂದ ನನಗ ಅನ್ನ ಸೇರಿಲ್ಲ ಅಣ್ಣಾ. ಇಮಾನ ಇಳದ ಕೂಡ್ಲೇ ಟೊಪಗಿ ಹಾಕಿದ್ನೋ ಇಲ್ಲೋ ಅಂತ ನನಗೇ ಸಂಶೇ ಹತ್ತಿತ್ತು. ಕಣ್ಣು ಮುಚ್ಚಿದ್ರ ಹಾಕಿದ್ಹಂಗ, ತಗದ್ರ ಬಿಟ್ಟ್ಹಂಗ. ನೀ ಹೇಳಿದ ಮ್ಯಾಲ ಸಂಶೇ ಹೋತು.” ಅವನು ಗಂಟನ್ನು ಒಮ್ಮೆ ಎಳೆದು ನೋಡಿದ. “ನನ್ನ ಪಾಲಿಗೆ ನೀನೂ ಹೋದಿ.”

“ಬೇಕಂತ ಮಾಡಿಲ್ಲೋ ನಾ.”

“ಬೇಕಂತ ಮಾಡಿದ್ರ ಛಲೋ ಇತ್ತು. ಬೈಲಿಕ್ಕಾದ್ರೂ ಬರ್ತಿತ್ತು. ಪೂಜಾ ಮಾಡಿದವಗ ಏನಂತ ಬೈಲಿ?”

ಬಂಡಿ ಹೋಯಿತು. ಅದರ ಹಿಂದೆ ಗೊಲ್ಲಾಳಪ್ಪ ನಾಲ್ಕು ಹೆಜ್ಜೆ ಹೋಗಿ ನಿಂತ.

ವಿಮಾನವನ್ನು ಲಾರಿಯಲ್ಲಿ ಹೇರಿಕೊಂಡು ಹೋದರು. ಹೊಸದು ಬಂತು, ಹೊಸ ಕ್ಯಾಪ್ಟನ್ ಬಂದರು, ಹೊಸ ಫಿಟರ್ ಬಂದ. ಗೊಲ್ಲಾಳಪ್ಪ ಡಬ್ಬಿ ಬಡಿದು ಎಮ್ಮೆ ಅಟ್ಟುತ್ತಲೇ ಇದ್ದ, ವಿಮಾನದ ಹತ್ತಿರ ಮಾತ್ರ ಹೋಗಲಿಲ್ಲ. ನವಮಿ ಬಂದಾಗ ಮೈಗೆ ಆರಾಮಿಲ್ಲ ಎಂದು ರಜೆ ಹಾಕಿದ.

ಬಂದೇಅಲಿ ವಾಡಿ ಸ್ಟೇಷನ್ನಿನ ಹೊರಗೆ ಸೈಕಲ್ ಪಂಕ್ಚರಿನ ಅಂಗಡಿ ಇಟ್ಟಿದ್ದಾನೆ ಎಂದು ತಿಳಿದ ಮೇಲೆ ಗೊಲ್ಲಾಳಪ್ಪ ಅಲ್ಲಿಗೆ ಹೋಗತೊಡಗಿದ. ವಾಡಿಯವರು ಅವನನ್ನು ಕಡಜದ ಬಂದೇಅಲಿ ಎನ್ನುತ್ತಿದ್ದರು. ಅದನ್ನು ಕೇಳಿದ ಗೊಲ್ಲಾಳಪ್ಪನಿಗೆ ಸುಮ್ಮನಿರಲಾಗಲಿಲ್ಲ. ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತು, ಬಂದ ಗಿರಾಕಿಗಳಿಗೆಲ್ಲ ನಡೆದದ್ದು ಹೇಳುತ್ತಿದ್ದ. ಇವನು ಟೊಪಿಗೆ ಹಾಕಿದ್ದ, ತಪ್ಪು ನನ್ನದು, ನಾನೇ ಹೂರಣ ಇಟ್ಟವನು. ಶುರುವಿಗೆ ಒಬ್ಬಿಬ್ಬರು ಕೇಳಿದರು. ಆಮೇಲೆ ರೈಲಿಗೆ ಕಾಯುವವರು, ಹಮಾಲರು, ಎದುರಿನ ಹೋಟೆಲಿನ ಸೂಗಪ್ಪ, ಎಲ್ಲರೂ ಕೇಳಲೆಂದೇ ಬರತೊಡಗಿದರು. ನಮ್ಮ ಜನಕ್ಕೆ ಪುಕ್ಕಟೆ ಸಿಗುವ ಮೋಜನ್ನು ಬಿಟ್ಟು ಗೊತ್ತಿಲ್ಲ.

“ಕಾಕಾ, ಇಮಾನ ಹೋಳಿಗಿ ತಿಂದು ಹಾಲು ಕೇಳಲಿಲ್ಲೇನು?” ಎಂದು ಸೂಗಪ್ಪ.

“ತುಪ್ಪ ಕಡಿಮಿ ಆಗಿ ಸಿಟ್ಟು ಮಾಡ್ಯಾದ ಅದು” ಎಂದು ಇನ್ನೊಬ್ಬ.

ಗೊಲ್ಲಾಳಪ್ಪ ಬೆವರುತ್ತ ಮತ್ತೆ ಮೊದಲಿನಿಂದ ಹೇಳುತ್ತಿದ್ದ. ಅವನು ಎಷ್ಟು ವಿವರವಾಗಿ ಹೇಳಿದರೆ ಅಷ್ಟು ನಗು. ಕ್ಯಾಪ್ಟನ್ನರ ಕಾಲಿನ ಮಾತಿಗೆ ಬರುವ ಹೊತ್ತಿಗೆ ಯಾರಿಗೂ ಕೇಳಿಸುತ್ತಿರಲಿಲ್ಲ. ಬಂದೇಅಲಿ ಬಕೆಟ್ಟಿನ ನೀರಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ನೋಡುತ್ತ ಕೂತಿರುತ್ತಿದ್ದ.

ಒಂದು ದಿನ ಗಿರಾಕಿಗಳು ಚದುರಿದ ಮೇಲೆ ಅವನು ಕೈ ಒರೆಸಿಕೊಂಡ.

“ಅಣ್ಣಾ, ಒಂದು ಮಾತು.”

“ಹೇಳಪಾ.” ಗೊಲ್ಲಾಳಪ್ಪನಿಗೆ ಸಂತೋಷವಾಯಿತು. ಬಂಡಿ ಹೋದ ದಿನದಿಂದ ಬಂದೇಅಲಿ ತಾನಾಗಿ ಮಾತಾಡಿದ್ದು ಅದೇ ಮೊದಲು.

“ನೀ ಬಂದು ನಿನ್ನ ಎದಿ ಹಗುರ ಮಾಡ್ಕೊಂಡು ಹೋಗ್ತಿ. ನೀ ಹೋದ ಮ್ಯಾಲ ಇವರೆಲ್ಲ ನನ್ನ ಮಾರಿ ನೋಡಿ ನಗ್ತಾರ. ಮಗಳು ಆಶಾಬೀನ ನೋಡಲಿಕ್ಕ ಬೀದರದವರು ಬಂದಿದ್ರು. ಹೋಟೆಲಿನಾಗ ಚಾ ಕುಡಿದ್ರು, ಕಥಿ ಕೇಳಿದ್ರು, ಹೊಳ್ಳಿ ಹೋದ್ರು. ಕಡಜ ಅಂದಾಗ ನಾ ಒಬ್ಬ ಎಚ್ಚರಿಲ್ಲದ ಗಾಫಿಲ್ ಮನಷ್ಯಾ ಇದ್ದೆ, ಅಷ್ಟೇ. ಈಗ ತಮಾಷಾ ಆಗೀನಿ.”

“ನಿನ್ನ ಹೆಸರು ಉಳೀಲಿ ಅಂತ ನಾ…”

“ಗೊತ್ತದ. ಅದಕ್ಕೇ ಕೈಮುಗಿದು ಹೇಳ್ಲಿಕತ್ತೀನಿ. ಉಳಸಬ್ಯಾಡ. ಬರಬ್ಯಾಡ.”

ಗೊಲ್ಲಾಳಪ್ಪ ಕಲ್ಲಿನ ಮೇಲಿಂದ ಎದ್ದ. ಟವೆಲ್ಲು ಜಾಡಿಸಿ ಹೆಗಲಿಗೆ ಹಾಕಿಕೊಂಡ.

ಅಂದಿನಿಂದ ಅವನು ಆ ಮಾತು ಎತ್ತಲಿಲ್ಲ. ಊರ ಹೋಟೆಲಿನಲ್ಲಿ, ಫ್ಯಾಕ್ಟರಿಯ ಗೇಟಿನಲ್ಲಿ, ಹೇಳೋ ಹೇಳೋ ಎಂದು ಜನ ಕಾಡಿಸಿದರೂ ಚಹಾ ಮುಗಿಸಿ ಎದ್ದುಹೋಗುತ್ತಿದ್ದ. ಕಾಯಂ ಆದ ಮೇಲೆ ಇವನಿಗೆ ಸೊಕ್ಕು ಬಂದಿದೆ ಎಂದರು. ಅವನು ಇಲ್ಲ ಎನ್ನಲಿಲ್ಲ. ಭೀಮಮ್ಮನ ತಂಗಿಯ ಮನೆ ವಾಡಿಯಲ್ಲೇ ಇತ್ತು, ಹೋಗದೆ ತೀರುತ್ತಿರಲಿಲ್ಲ. ಹೋದಾಗ ಅಂಗಡಿ ಇದ್ದ ಕಡೆ ಇಳಿಯದೆ ರೈಲಿನ ಆಚೆ ಮಗ್ಗುಲಿಗೆ ಇಳಿದು, ಹೆಂಡತಿಯ ಕೈಹಿಡಿದು ಹಳಿ ದಾಟಿಸಿ, ಗೂಡ್ಸ್ ಶೆಡ್ಡನ್ನು ಸುತ್ತಿ ಹೋಗುತ್ತಿದ್ದ. ಬಿಸಿಲಲ್ಲಿ ಅದು ದೂರದ ದಾರಿ. ಯಾಕೆ ಇಷ್ಟು ಸುತ್ತು ಎಂದು ಭೀಮಮ್ಮ ಒಮ್ಮೆಯೂ ಕೇಳಲಿಲ್ಲ.